ನಿಂಬೆಹಣ್ಣು, ರಾಹುಕಾಲ ಮತ್ತು 12 ವೋಲ್ಟ್

ನಾಲ್ಕೂ ಟೈರಿನ ಕೆಳಗೆ ನಿಂಬೆಹಣ್ಣು ಇಟ್ಟಾಗಿತ್ತು. ತೆಂಗಿನಕಾಯಿ ಒಡೆದಾಗಿತ್ತು. ಬಾನೆಟ್ ಮೇಲೆ ಕುಂಕುಮದ ಸ್ವಸ್ತಿಕ, ಸೇವಂತಿಗೆ ಹಾರ. ರಟ್ಟಿನ ದೊಡ್ಡ ಕೀ ಹಿಡಿದು ಎಲ್ಲರೂ ಫೋಟೊ ತೆಗೆಸಿಕೊಂಡಿದ್ದರು. ಗಂಟೆ 10 ದಾಟಿ 2 ನಿಮಿಷ. ಅವತ್ತು ಶುಕ್ರವಾರ. ಹತ್ತೂವರೆಗೆ ರಾಹುಕಾಲ ಶುರು. ಅಷ್ಟರೊಳಗೆ ಗಾಡಿ ಗೇಟು ದಾಟಬೇಕು ಅಂತ ಗಾಡಿ ಕೊಂಡ ಯಜಮಾನರು ವಾರದ ಹಿಂದೆಯೇ ಹೇಳಿದ್ದರು.

"ಬ್ರೇಕ್ ಒತ್ತಿ, ಬಟನ್ ಒತ್ತಿ ಸಾರ್" ಅಂದೆ.

ಒತ್ತಿದರು. ಡ್ಯಾಶ್‌ಬೋರ್ಡ್ ಒಳಗಿಂದ ಟಿಕ್ ಟಿಕ್ ಅಂತ ಸಣ್ಣ ಸದ್ದು ಬಂತು. ಸ್ಕ್ರೀನ್ ಒಮ್ಮೆ ಮಿಣುಕಿ ಆರಿಹೋಯಿತು. ಆಮೇಲೆ ಮೌನ.

ನಾನು ನಗುತ್ತಾ, ಸುತ್ತ ನಿಂತವರಿಗೆಲ್ಲ ಕೇಳುವಂತೆ ಹೇಳಿದೆ: "ಹೈಬ್ರಿಡ್ ಅಲ್ವಾ, ಸದ್ದೇ ಬರಲ್ಲ ಸಾರ್. ಗಾಡಿ ಆನ್ ಆಗಿದೆ. ಡಿ ಗೆ ಹಾಕಿ ಬಿಡಿ."

ಗಾಡಿ ಆನ್ ಆಗಿರಲಿಲ್ಲ. ಸತ್ತು ಹೋಗಿತ್ತು.

ಶಿವಮೊಗ್ಗದ ಒಂದು ಶೋರೂಮಿನಲ್ಲಿ ಆರು ವರ್ಷದಿಂದ ಸೇಲ್ಸ್‌ನಲ್ಲಿದ್ದೇನೆ. ಯಾವ ಕಂಪನಿ, ಯಾವ ಮಾಡೆಲ್ ಅಂತ ಕೇಳಬೇಡಿ. ತಿಂಗಳ ಸಂಬಳ ಅಲ್ಲಿಂದಲೇ ಬರೋದು. ಹೈಬ್ರಿಡ್ ಅಂದರೆ ಪೆಟ್ರೋಲ್ ಎಂಜಿನ್ ಜೊತೆಗೆ ದೊಡ್ಡ ಬ್ಯಾಟರಿ, ಕರೆಂಟ್ ಮೋಟಾರೂ ಇರೋ ಗಾಡಿ. ನಮ್ಮ ಕಡೆ ಹೈಬ್ರಿಡ್ ಸೆಡಾನ್ ಹೋಗುವುದೇ ಅಪರೂಪ. ಬಿಡದಿಯಲ್ಲಿ 2013ರಿಂದಲೇ ಟೊಯೊಟಾ ಕ್ಯಾಮ್ರಿ ಹೈಬ್ರಿಡ್ ಜೋಡಿಸುತ್ತಿದ್ದಾರೆ. 2022ರಲ್ಲಿ ಹೋಂಡಾ ಸಿಟಿ ಹೈಬ್ರಿಡ್ ಬಂತು, ಲೀಟರಿಗೆ 26.5 ಕಿಲೋಮೀಟರ್ ಅಂತ ಕಂಪನಿ ಹೇಳಿತು. ಆದರೂ ಮಲೆನಾಡಿನಲ್ಲಿ ಬಂದವರೆಲ್ಲ ಕೇಳುವುದು ಎಸ್‌ಯುವಿ. ತೋಟದ ರಸ್ತೆ ನೋಡಿದರೆ ಅವರದೂ ತಪ್ಪಲ್ಲ ಬಿಡಿ. ಹಾಗಾಗಿ ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ತಾವಾಗಿಯೇ ಬಂದು ಹೈಬ್ರಿಡ್ ಸೆಡಾನ್ ಕೇಳಿದಾಗ ನಮ್ಮ ಟಿಎಲ್, ಅಂದರೆ ಟೀಮ್ ಲೀಡರ್, ಎದ್ದು ನಿಂತು ಕುರ್ಚಿ ಕೊಟ್ಟಿದ್ದ.

ಯಜಮಾನರಿಗೆ ಸೊಂಟನೋವು. ಎತ್ತರದ ಗಾಡಿ ಹತ್ತಿ ಇಳಿಯುವುದು ಬೇಡ, ಗೇರ್ ಬೇಡ, ಮೈಲೇಜ್ ಬೇಕು. ಲೆಕ್ಕ ಸರಳವಾಗಿತ್ತು. ತೊಡಕು ಅಂದರೆ ಮಗ.

ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್. ಅವನ ಹತ್ತಿರ ಒಂದು ಹಳೇ ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್‌ಐ ಇತ್ತು, 1.2 ಲೀಟರ್ ಟರ್ಬೊ, ಡಿಎಸ್‌ಜಿ ಅನ್ನೋ ಆಟೋಮ್ಯಾಟಿಕ್ ಗೇರ್‌ಬಾಕ್ಸ್. ಪವರ್ ಜಾಸ್ತಿ ಬರಲಿ ಅಂತ ಎಂಜಿನ್ ಸಾಫ್ಟ್‌ವೇರ್ ಬದಲಿಸಿ ರೀಮ್ಯಾಪ್ ಬೇರೆ ಮಾಡಿಸಿದ್ದ. ಪೋಲೊ ಮಾರಾಟ ನಮ್ಮ ದೇಶದಲ್ಲಿ 2022ರಲ್ಲಿ ನಿಂತುಹೋಯಿತಲ್ಲ, ಆ ದುಃಖ ಅವನಿಗೆ ಇನ್ನೂ ಆರಿಲ್ಲ. ಅಪ್ಪನಿಗೆ ಹೈಬ್ರಿಡ್ ತೋರಿಸುತ್ತಿದ್ದರೆ ಪಕ್ಕದಲ್ಲಿ ನಿಂತು ಅದೇ ಕಂಪನಿಯ ಗಾಲ್ಫ್ ಜಿಟಿಐ ಕಥೆ ತೆಗೆಯುತ್ತಿದ್ದ. 2025ರಲ್ಲಿ ನಮ್ಮ ದೇಶಕ್ಕೆ ಬಂದ ಗಾಡಿ ಅದು. 2 ಲೀಟರ್ ಟರ್ಬೊ, 265 ಪಿಎಸ್, ನೂರು ಮುಟ್ಟೋಕೆ 5.9 ಸೆಕೆಂಡ್. ಮೊದಲ ಕಂತಿನ 150 ಗಾಡಿ ಬೆಲೆ ಹೇಳುವ ಮುಂಚೆಯೇ ಬುಕ್ ಆದವು ಅಂತ ಅವನು ಹೇಳಿದಾಗ ಯಜಮಾನರು ಕೇಳಿದರು, "ಬೆಲೆ ಎಷ್ಟಂತೆ?"

"53 ಲಕ್ಷ. ಎಕ್ಸ್ ಶೋರೂಮ್."

"ಹಿಂದುಗಡೆ ಡಿಕ್ಕಿಯೇ ಇಲ್ಲದ ಗಾಡಿಗಾ? ಎಂಥ ಕಥೆ ಮಾರಾಯ ನಿಂದು. ಮಂಡಗದ್ದೆ ತಿರುವಿನಲ್ಲಿ ಐದು ಸೆಕೆಂಡಿಗೆ ನೂರು ಹೋದರೆ ಆರನೇ ಸೆಕೆಂಡಿಗೆ ತುಂಗಾ ಹೊಳೆಯಲ್ಲಿ ಇರ್ತೀಯ."

ನಾನು ಜೋರಾಗಿ ನಕ್ಕೆ. ಕಸ್ಟಮರ್ ಅಪ್ಪ, ಹಣ ಅಪ್ಪನದು, ನಗಬೇಕಾದ್ದೂ ಅಪ್ಪನ ಜೋಕಿಗೇ. ಮಗನನ್ನು 'ಯೂಟ್ಯೂಬ್ ಪಾರ್ಟಿ' ಲೆಕ್ಕಕ್ಕೆ ಹಾಕಿ ಮುಗಿಸಿದ್ದೆ. ನಮ್ಮಲ್ಲಿ ಹಾಗೆ ಕರೆಯುತ್ತೇವೆ. ತುಂಬ ಪ್ರಶ್ನೆ ಕೇಳ್ತಾರೆ, ಬುಕಿಂಗ್ ಮಾಡಲ್ಲ.

ಆ ಹುಡುಗ ಟೆಸ್ಟ್ ಡ್ರೈವ್ ದಿನ ಕೇಳಿದ ಒಂದು ಪ್ರಶ್ನೆ ಈಗಲೂ ನೆನಪಿದೆ. ಸಾಗರ ರಸ್ತೆಯಲ್ಲಿ ಒಂದು ಸುತ್ತು ಹೊಡೆದು ಬಂದು ನಿಂತಿದ್ದೆವು. "ಇದರ 12 ವೋಲ್ಟ್ ಬ್ಯಾಟರಿ ಎಲ್ಲಿದೆ?" ಅಂದ.

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನಬಹುದಿತ್ತು. ಬದಲಿಗೆ ಹೇಳಿದೆ, "ಇದಕ್ಕೆ ಆ ಸಣ್ಣ ಬ್ಯಾಟರಿಯೆಲ್ಲ ಇಲ್ಲ ಸಾರ್. ದೊಡ್ಡ ಲಿಥಿಯಂ ಬ್ಯಾಟರಿ ಇದೆಯಲ್ಲ, ಎಲ್ಲ ಅದೇ ನೋಡಿಕೊಳ್ಳುತ್ತೆ. ಅದು ಸಾಯೋ ಮಾತೇ ಇಲ್ಲ."

ಅವನು ನನ್ನ ಮುಖ ಒಮ್ಮೆ ನೋಡಿ ಸುಮ್ಮನಾದ. ಗೆದ್ದೆ ಅಂದುಕೊಂಡೆ.

ಆಮೇಲೆ ರೋಡ್ ಟ್ಯಾಕ್ಸ್ ಜಗಳ ಶುರುವಾಯಿತು. ಉತ್ತರ ಪ್ರದೇಶದಲ್ಲಿ 2024ರ ಜುಲೈನಲ್ಲಿ ಸ್ಟ್ರಾಂಗ್ ಹೈಬ್ರಿಡ್‌ಗಳಿಗೆ, ಅಂದರೆ ಇಂಥ ಗಾಡಿಗಳಿಗೆ, ಟ್ಯಾಕ್ಸ್ ಬಿಟ್ಟರು, ನಮ್ಮಲ್ಲಿ ಯಾಕೆ 17-18 ಪರ್ಸೆಂಟ್ ಅಂತ ಅದೇ ಮಗ. ಅದಕ್ಕೆ ನಾನೇನು ಮಾಡಲಿ? ಆಕ್ಸೆಸರೀಸ್‌ನಲ್ಲಿ ಮ್ಯಾಟ್ ಮತ್ತು ಮಡ್‌ಫ್ಲ್ಯಾಪ್ ಫ್ರೀ ಕೊಟ್ಟು ಮುಗಿಸಿದೆವು.

ಈಗ ಗುರುವಾರ ಸಂಜೆಗೆ ಬರೋಣ. ನಮ್ಮ ಜಿಎಂ ಸಾಹೇಬರು ಮೂರು ತಿಂಗಳಿಂದ ಒಂದು ಹೊಸ ರೂಲ್ ತಂದಿದ್ದಾರೆ. ಪ್ರತಿಯೊಬ್ಬ ಎಕ್ಸಿಕ್ಯೂಟಿವ್ ದಿನಕ್ಕೊಂದು ರೀಲ್ಸ್ ಹಾಕಬೇಕು. ಎನ್‌ಕ್ವೈರಿ ಫಾಲೋಅಪ್ ಬಿಟ್ಟರೂ ನಡೆಯುತ್ತೆ, ರೀಲ್ಸ್ ಬಿಡುವಂತಿಲ್ಲ. ಪಿಡಿಐ, ಅಂದರೆ ಡೆಲಿವರಿಗೆ ಮುಂಚಿನ ತಪಾಸಣೆ, ಮುಗಿದು ಗಾಡಿ ಡೆಲಿವರಿ ಬೇಗೆ, ಅಂದರೆ ಗಾಡಿ ಕೈಗೊಪ್ಪಿಸುವ ಜಾಗಕ್ಕೆ, ಬಂದಿತ್ತು. ಅದನ್ನೇ ಹಿಡಿದೆ. ಬ್ರೇಕ್ ಒತ್ತದೆ ಬರೀ ಬಟನ್ ಒತ್ತಿದೆ. ಸ್ಕ್ರೀನ್ ಬಂತು, ಬಾಗಿಲ ಪಟ್ಟಿಯಲ್ಲಿ ನೀಲಿ ಲೈಟ್ ಬಂತು, ಸ್ಪೀಕರ್‌ನಲ್ಲಿ ಹಾಡು ಬಂತು. ಎಂಜಿನ್ ಸದ್ದಿಲ್ಲ. ಹೈಬ್ರಿಡ್‌ನಲ್ಲಿ ಹಾಗೇ ಅಲ್ವಾ, ಅಂದರೆ ಗಾಡಿ ಆನ್ ಇದೆ ಅಂತಲೇ ನನ್ನ ತಲೆಯಲ್ಲಿ. ಹಾಗೆ ಆನ್ ಇಟ್ಟರೆ ಮೀಟರಿನಲ್ಲಿ READY ಅನ್ನೋ ಹಸಿರು ಅಕ್ಷರ ಬರುವುದಿಲ್ಲ, ಅದು ಬಂದರೆ ಮಾತ್ರ ದೊಡ್ಡ ಬ್ಯಾಟರಿ ಸಣ್ಣದಕ್ಕೆ ಚಾರ್ಜ್ ಕೊಡುತ್ತೆ, ಇಲ್ಲದಿದ್ದರೆ ಹಾಡು, ಲೈಟು ಎಲ್ಲ ಆ ಸಣ್ಣದರ ರಕ್ತ ಹೀರುತ್ತಿರುತ್ತೆ. ಇದು ನನಗೆ ಶುಕ್ರವಾರ 10 ಗಂಟೆ 11 ನಿಮಿಷಕ್ಕೆ ಗೊತ್ತಾಯಿತು.

ರೀಲ್ಸ್ ನಡುವೆ ಟಿಎಲ್ ಕೂಗಿದ, ರಿವ್ಯೂ ಕಾಲ್ ಅಂತ. ಹಾಡು ಕಡಿಮೆ ಮಾಡಿ ಓಡಿದೆ. ಕೀ ಕಪ್ ಹೋಲ್ಡರ್‌ನಲ್ಲೇ ಉಳಿಯಿತು. ಕಾಲ್ ಒಂದೂವರೆ ಗಂಟೆ ನಡೆಯಿತು. ಅದರಲ್ಲಿ ನನ್ನ ಬಗ್ಗೆ ಮಾತಾಡಿದ್ದು ಎರಡು ನಿಮಿಷ, ಅದೂ ಬೈಗುಳ. ಮುಗಿಸಿ ಸೀದಾ ಮನೆಗೆ ಹೋದೆ. ರಾತ್ರಿ ಸೆಕ್ಯುರಿಟಿ ಅಣ್ಣ ಗಾಡಿಯೊಳಗೆ ನೀಲಿ ಲೈಟ್ ನೋಡಿದ್ದಾನೆ. "ಡೆಲಿವರಿಗೆ ಅಲಂಕಾರ ಅಂದ್ಕೊಂಡೆ ಸಾರ್" ಅಂದ ಆಮೇಲೆ.

ಇನ್ನೊಂದು ವಿಷಯ. ಆ ಗಾಡಿ ಸ್ಟಾಕ್‌ಯಾರ್ಡ್‌ನಲ್ಲಿ ಆರು ವಾರ ಮಳೆಯಲ್ಲಿ ನಿಂತಿತ್ತು. ಪಿಡಿಐ ಶೀಟಿನಲ್ಲಿ '12V ಚೆಕ್' ಎದುರು ಟಿಕ್ ಇದೆ. ನೂರು ಗಾಡಿಯ ಶೀಟ್ ತೆಗೆದು ನೋಡಿ, ನೂರಕ್ಕೂ ಅದೇ ಪೆನ್ನಿನ ಅದೇ ಟಿಕ್ ಇರುತ್ತೆ. ಆ ಸಾಲಿನ ಕೆಳಗೆ ಸಹಿ ಹಾಕಿದವನು ನಾನು. ಓದಿರಲಿಲ್ಲ. ಓದಿದ್ದರೆ 'ಆ ಸಣ್ಣ ಬ್ಯಾಟರಿ ಇಲ್ಲ' ಅನ್ನುತ್ತಿದ್ದೆನಾ?

ಮತ್ತೆ ಡೆಲಿವರಿ ಬೇಗೆ. ಯಜಮಾನರು ಡಿ ಗೆ ಹಾಕಲು ನೋಡಿದರು. ಗಾಡಿ ಕದಲಲಿಲ್ಲ. ಅವರ ಮನೆಯ ಅಮ್ಮ ಆರತಿ ತಟ್ಟೆ ಹಿಡಿದುಕೊಂಡೇ ನಿಂತಿದ್ದರು. ಎರಡನೇ ಸಲ, ಮೂರನೇ ಸಲ ಬಟನ್ ಒತ್ತಿದರು. ಈಗ ಟಿಕ್ ಟಿಕ್ ಕೂಡ ಇಲ್ಲ.

"ಕೀ ಬ್ಯಾಟರಿ ವೀಕ್ ಅನ್ಸುತ್ತೆ ಸಾರ್" ಅಂದೆ. ಎರಡನೇ ಸುಳ್ಳು. ಓಡಿಹೋಗಿ ಇನ್ನೊಂದು ಕೀ ತಂದೆ. ಅದಕ್ಕೂ ಏನೂ ಆಗಲಿಲ್ಲ. ಸರ್ವೀಸ್‌ಗೆ ಫೋನ್ ಮಾಡಿದೆ. ನಮ್ಮ ವರ್ಕ್‌ಶಾಪ್ ಇರೋದು ಊರಿನ ಇನ್ನೊಂದು ತುದಿಯಲ್ಲಿ. ಬೇರೆ ಗಾಡಿಯ ಬ್ಯಾಟರಿಯಿಂದ ಕರೆಂಟ್ ಕೊಡೋಕೆ ಶೋರೂಮಿಗೆ ಒಂದು ಜಂಪರ್ ಕೇಬಲ್ ಕೊಡಿ ಅಂತ ಇಂಡೆಂಟ್ ಹಾಕಿ ಎಂಟು ತಿಂಗಳಾಗಿತ್ತು. ಟಿಎಲ್ ಆರ್‌ಎಸ್‌ಎಗೆ, ಅಂದರೆ ದಾರಿಯಲ್ಲಿ ಕೆಟ್ಟು ನಿಂತ ಗಾಡಿಗೆ ಸಹಾಯ ಕಳಿಸೋ ಸೇವೆಗೆ, ಫೋನ್ ಮಾಡಿದ. ಆ ಕಡೆಯ ಹುಡುಗಿ ಚಾಸಿ ನಂಬರ್ ಎಲ್ಲ ಬರೆದುಕೊಂಡು ಕೇಳಿದಳಂತೆ, "ವಾಹನ ಯಾವ ಹೆದ್ದಾರಿಯಲ್ಲಿ ನಿಂತಿದೆ ಸಾರ್?"

"ಶೋರೂಮ್ ಒಳಗೆ."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "45 ನಿಮಿಷ ಆಗುತ್ತೆ."

10 ಗಂಟೆ 9 ನಿಮಿಷ. ನನ್ನ ಬೆನ್ನಲ್ಲಿ ಬೆವರು ಇಳಿಯುತ್ತಿತ್ತು, ಮೇಲೆ ಎಸಿ 22ರಲ್ಲಿ ಓಡುತ್ತಿದ್ದರೂ. ವಾಷಿಂಗ್ ಹುಡುಗರನ್ನು ಕರೆದೆ. "ತಳ್ಳಿ, ಸ್ಟಾರ್ಟ್ ಆಗುತ್ತೆ." ಆರು ವರ್ಷದ ಅನುಭವ ಇರೋನು ಹೇಳಿದ ಮಾತು ಇದು. ನಾಲ್ಕು ಜನ ತಳ್ಳಿದರು. ಪಾರ್ಕಿಂಗ್ ಲಾಕ್ ಬಿದ್ದ ಗಾಡಿ, ಅದನ್ನು ಬಿಡಿಸೋಕೂ ಕರೆಂಟೇ ಬೇಕು. ನಿಂಬೆಹಣ್ಣು ಸಹ ನಲುಗಲಿಲ್ಲ.

ಆಗ ಮಗ ಬಂದ. ಅಷ್ಟು ಹೊತ್ತು ಗಾಜಿನ ಬಾಗಿಲ ಹತ್ತಿರ ಕೈಕಟ್ಟಿ ನಿಂತಿದ್ದ.

"ತಳ್ಳಿದರೆ ಪ್ರಯೋಜನ ಇಲ್ಲ. ಇದಕ್ಕೆ ಸ್ಟಾರ್ಟರ್ ಮೋಟಾರೂ ಇಲ್ಲ. ಎಂಜಿನ್ ತಿರುಗಿಸೋದು ದೊಡ್ಡ ಬ್ಯಾಟರಿಯ ಮೋಟಾರು. ಆ ದೊಡ್ಡದನ್ನ ಗಾಡಿಗೆ ಜೋಡಿಸೋ ರಿಲೇಗೆ 12 ವೋಲ್ಟ್ ಬೇಕು." ಸ್ವಲ್ಪ ತಡೆದು, ಎಲ್ಲರ ಎದುರಿಗೇ ಹೇಳಿದ, "ಆ ಸಣ್ಣ ಬ್ಯಾಟರಿ ಇಲ್ಲ ಅಂದಿದ್ರಲ್ಲ, ಅದು."

ನನ್ನ ಬಾಯಲ್ಲಿ ಮಾತೇ ಬರಲಿಲ್ಲ.

ಯಜಮಾನರಿಗೆ ಮಾತ್ರ ಥಟ್ಟನೆ ಅರ್ಥವಾಯಿತು. "ಅಂದರೆ ಉಗ್ರಾಣದ ತುಂಬ ಅಡಿಕೆ ಇದೆ, ಕೀಲಿಕೈ ಇಟ್ಟುಕೊಂಡ ಹುಡುಗ ನಿದ್ದೆ ಹೊಡೀತಿದಾನೆ ಅಂತಲ್ಲನಾ?"

ಕಂಪನಿ ಟ್ರೈನಿಂಗ್‌ನಲ್ಲಿ ಎರಡು ದಿನ ಕೂತಿದ್ದೆ. ಯಾರೂ ಇಷ್ಟು ಚೆನ್ನಾಗಿ ಹೇಳಿರಲಿಲ್ಲ. ನಮಗೆ ಹೇಳಿಕೊಟ್ಟಿದ್ದು ಸ್ಪೀಕರ್ ಎಷ್ಟು, ಲೈಟಿನ ಬಣ್ಣ ಎಷ್ಟು.

ಮಗ ತನ್ನ ಪೋಲೊ ಡಿಕ್ಕಿಯಿಂದ ಕೇಬಲ್ ತೆಗೆದ. ಹಳೇ ಗಾಡಿ ಇಟ್ಟುಕೊಂಡವರ ಹತ್ತಿರ ಇದೆಲ್ಲ ಇರುತ್ತೆ. ಆದರೆ ಪೋಲೊ ಹೊರಗೆ, ಸತ್ತ ಗಾಡಿ ಒಳಗೆ. ಕೇಬಲ್ ಮುಟ್ಟಲ್ಲ. ಗಾಜಿನ ಬಾಗಿಲು ಎರಡೂ ತೆಗೆದೆವು. ಆಫರ್ ಸ್ಟ್ಯಾಂಡಿ, ಹೂಕುಂಡ, ಕೇಕ್ ಟೇಬಲ್ ಎಲ್ಲ ಎಳೆದು ಹಾಕಿದೆವು. ಬೇರೆ ಕಂಪನಿಯ ಕಾರು, ಗುರ್ ಗುರ್ ಅನ್ನುವ ಎಕ್ಸಾಸ್ಟ್ ಸಮೇತ, ನಮ್ಮ ಡೆಲಿವರಿ ಬೇ ಒಳಗೆ ಬಂದು ಹೈಬ್ರಿಡ್ ಮೂತಿಗೆ ಮೂತಿ ತಾಗಿಸಿ ನಿಂತಿತು. ಮೇಲಿನ ಕ್ಯಾಬಿನ್‌ನಲ್ಲಿ ಜಿಎಂ ಸಾಹೇಬರು ಸಿಸಿಟಿವಿಯಲ್ಲಿ ಇದನ್ನು ನೋಡುತ್ತಿದ್ದರು. ಇಳಿದು ಬರಲಿಲ್ಲ. ಫೋನ್ ಮಾಡಿದರು. ನಾನು ತೆಗೆಯಲಿಲ್ಲ.

ಬಾನೆಟ್ ತೆಗೆಯಬೇಕು ಅಂದರೆ ಮೊದಲು ಹಾರ ತೆಗೆಯಬೇಕು. ಅಮ್ಮನಿಗೆ ಅದು ಸರಿಬರಲಿಲ್ಲ. ಹಾರವನ್ನು ಕಿತ್ತು ಹಾಕದೆ, ಇಬ್ಬರು ಹುಡುಗರು ಎರಡು ತುದಿ ಹಿಡಿದು ಮೇಲೆತ್ತಿ ನಿಂತರು. ಒಳ್ಳೆ ತೇರಿನ ಮುಂದೆ ನಿಂತ ಹಾಗೆ. ಒಳಗೆ ಕೆಂಪು ಮುಚ್ಚಳದ ಕೆಳಗೆ ಜಂಪ್ ಪಾಯಿಂಟ್ ಇತ್ತು. ಕೆಂಪು ಕ್ಲಿಪ್ ಅಲ್ಲಿಗೆ, ಕಪ್ಪು ಕ್ಲಿಪ್ ಬ್ಯಾಟರಿಗಲ್ಲ, ಎಂಜಿನ್ ಪಕ್ಕದ ಕಬ್ಬಿಣಕ್ಕೆ. ಕಿತ್ತಳೆ ಬಣ್ಣದ ವೈರ್ ಕಡೆ ಯಾರೂ ಕೈ ಹಾಕಬೇಡಿ ಅಂದ ಮಗ. ಅದು ದೊಡ್ಡ ಬ್ಯಾಟರಿಯ ಲೈನು. ಪೋಲೊ ಐದು ನಿಮಿಷ ಓಡಲಿ ಅಂದ.

ಆ ಐದು ನಿಮಿಷ ಯಾರೂ ಮಾತಾಡಲಿಲ್ಲ. ಗೋಡೆ ಗಡಿಯಾರದ ಮುಳ್ಳಿನ ಸದ್ದು ಅಷ್ಟು ಜೋರು ಅಂತ ಆರು ವರ್ಷದಲ್ಲಿ ನನಗೆ ಗೊತ್ತೇ ಇರಲಿಲ್ಲ. ಯಜಮಾನರು ಮಾತ್ರ ಒಮ್ಮೆ ನನ್ನ ಕಡೆ ತಿರುಗಿ, "ನೀನು ರಾತ್ರಿ ಆನ್ ಮಾಡಿ ಬಿಟ್ಟು ಹೋಗಿದ್ಯನಾ ತಮ್ಮಾ?" ಅಂದರು. ಬೈಗುಳದ ದನಿ ಅಲ್ಲ. ಕೊಟ್ಟಿಗೆ ಬಾಗಿಲು ಹಾಕೋದು ಮರೆತ ಹುಡುಗನನ್ನು ಕೇಳುವ ಹಾಗೆ.

"ಹೌದು ಸಾರ್. ನಂದೇ ತಪ್ಪು."

ಅವತ್ತು ನಾನು ಆಡಿದ ಮೊದಲ ನಿಜ ಅದು. ಗಂಟೆ 10 ದಾಟಿ 24 ನಿಮಿಷ.

ಬ್ರೇಕ್ ಒತ್ತಿದರು. ಬಟನ್ ಒತ್ತಿದರು.

ಸದ್ದಿಲ್ಲ.

ಅಮ್ಮ ಕಣ್ಣು ಮುಚ್ಚಿಕೊಂಡರು. ಹಾರ ಹಿಡಿದ ಹುಡುಗರು ನನ್ನ ಮುಖ ನೋಡಿದರು. "ಇನ್ನೂ ಸತ್ತೇ ಇದೆಯಲ್ಲ ಮಾರಾಯ" ಅಂದರು ಯಜಮಾನರು. ನಾನು ಕಿಟಕಿಯೊಳಗೆ ತಲೆ ಹಾಕಿ ಮೀಟರ್ ನೋಡಿದೆ. ಹಸಿರು ಅಕ್ಷರದಲ್ಲಿ READY.

"ಇಲ್ಲ ಸಾರ್, ಬಂದಿದೆ. ಈಗ ನಿಜವಾಗಲೂ ಬಂದಿದೆ."

ಮಗ ಕ್ಲಿಪ್ ಬಿಚ್ಚಿ ಪೋಲೊ ಹಿಂದೆ ತೆಗೆದ. ಬಾನೆಟ್ ಇಳಿಯಿತು, ಹಾರ ಮೊದಲಿನ ಜಾಗಕ್ಕೆ ಬಂತು. ಗಾಡಿ ಒಂದಿಷ್ಟೂ ಸದ್ದಿಲ್ಲದೆ ಮುಂದೆ ಹೋಯಿತು. ಸದ್ದು ಬಂದಿದ್ದು ನಿಂಬೆಹಣ್ಣಿನದು, ಪಚಕ್ ಅಂತ, ಮುಂದಿನ ಎರಡು, ಆಮೇಲೆ ಹಿಂದಿನ ಎರಡು. ಗೇಟು ದಾಟಿದಾಗ 10 ಗಂಟೆ 28 ನಿಮಿಷ. ಮನೆ ಮುಟ್ಟುವವರೆಗೆ ಆಫ್ ಮಾಡಬೇಡಿ ಅಂತ ಹಿಂದೆ ಓಡುತ್ತಾ ಹೇಳಿದೆ. ತೀರ್ಥಹಳ್ಳಿಗೆ ಅರವತ್ತು ಕಿಲೋಮೀಟರ್, ಅಷ್ಟರಲ್ಲಿ ಚಾರ್ಜ್ ಆಗುತ್ತೆ. ಮರುದಿನವೇ ಅವರ ಮನೆಗೆ ಹೋಗಿ ಹೊಸ 12 ವೋಲ್ಟ್ ಬ್ಯಾಟರಿ ಹಾಕಿಸಿಕೊಟ್ಟೆವು. ಕಾಫಿ, ಕೊಟ್ಟೆ ಕಡುಬು ಕೊಟ್ಟರು. ಅದನ್ನು ತಿನ್ನುವಾಗ ನನಗಾದ ನಾಚಿಕೆ ಜಿಎಂ ಕ್ಯಾಬಿನ್‌ನಲ್ಲೂ ಆಗಿರಲಿಲ್ಲ.

ಜಿಎಂ ಕೇಳಿದ್ದು ಒಂದೇ ಪ್ರಶ್ನೆ: ಬೇರೆ ಬ್ರ್ಯಾಂಡ್ ಗಾಡಿಯನ್ನು ಒಳಗೆ ಬಿಟ್ಟವರು ಯಾರು? ಬ್ಯಾಟರಿ ಬಗ್ಗೆ ಕೇಳಲಿಲ್ಲ. ಜಂಪರ್ ಕೇಬಲ್ ಇಂಡೆಂಟ್ ಈಗಲೂ 'ಅಪ್ರೂವಲ್ ಪೆಂಡಿಂಗ್'. ನಾನೇ ದುಡ್ಡು ಹಾಕಿ ಒಂದು ತಂದು ಟೇಬಲ್ ಡ್ರಾನಲ್ಲಿ ಇಟ್ಟಿದ್ದೇನೆ. ಈಗ ಯಾವ ಹೈಬ್ರಿಡ್ ಆನ್ ಮಾಡಿದರೂ ಮೊದಲು ಹಸಿರು ಅಕ್ಷರ ನೋಡುತ್ತೇನೆ, ಆಮೇಲೆ ಬಾಯಿ ತೆಗೆಯುತ್ತೇನೆ. ಯಾರಾದರೂ ಯೂಟ್ಯೂಬ್ ಪಾರ್ಟಿ ಬಂದರೆ ಸಹೋದ್ಯೋಗಿಗಳು ಕಣ್ಣು ಮಿಟುಕಿಸಿ ನನ್ನ ಟೇಬಲ್‌ಗೇ ಕಳಿಸುತ್ತಾರೆ.

ಆ ಗುರುವಾರದ ರೀಲ್ಸ್ ನಮ್ಮ ಪೇಜಿನಲ್ಲಿ ಇನ್ನೂ ಇದೆ. ನೀಲಿ ಲೈಟು, ಹಾಡು, ಕೆಳಗೆ ನಾನೇ ಬರೆದ ಸಾಲು: 'ಸೈಲೆಂಟ್ ಪವರ್.' ನಾನು ಹಾಕಿದ್ದರಲ್ಲಿ ಅತಿ ಜಾಸ್ತಿ ಜನ ನೋಡಿದ್ದು ಅದನ್ನೇ, ಹಾಗಾಗಿ ತೆಗೆಯಲು ಜಿಎಂ ಬಿಡುತ್ತಿಲ್ಲ. ಮೇಲೆ ಪಿನ್ ಮಾಡಿಸಿದ್ದಾರೆ. ಅದರ ಕೆಳಗೆ ಮೊದಲ ಕಾಮೆಂಟ್ ಆ ಹುಡುಗನದು.

"READY ಎಲ್ಲಿ ಸಾರ್?"