ಭದ್ರಾ ಹಿನ್ನೀರಿಗೆ ಬೇಸಿಗೆಯಲ್ಲೇ ಹೋಗಿ

ಮಲೆನಾಡು ಅಂದರೆ ಮಳೆಗಾಲ ಅಂತಲೇ ಎಲ್ಲರೂ ಹೊರಡುತ್ತಾರೆ. ಜೋಗಕ್ಕೆ, ಆಗುಂಬೆಗೆ ಅದು ಸರಿ. ಆದರೆ ಭದ್ರಾ ಅಣೆಕಟ್ಟೆ ಪಕ್ಕದ ಬಿ.ಆರ್. ಪ್ರಾಜೆಕ್ಟ್ (ಭದ್ರಾ ನದಿ ಯೋಜನೆಯ ಊರು), ಶಂಕರಘಟ್ಟ, ಲಕ್ಕವಳ್ಳಿ ಕಡೆಗೆ ಹೋಗುವವರಿಗೆ ನಾನು ಮಾರ್ಚ್ ಅಥವಾ ಏಪ್ರಿಲ್ ಅಂತಲೇ ಹೇಳುತ್ತೇನೆ.

ಕಾರಣ ಜಲಾಶಯದ ನೀರು. ಪೂರ್ತಿ ತುಂಬಿದರೆ 186 ಅಡಿ. ಆ ನೀರು ನಾಲೆಗಳಲ್ಲಿ ಹರಿದು ದಾವಣಗೆರೆ ಕಡೆಯ ಗದ್ದೆ, ತೋಟಗಳಿಗೆ ಹೋಗುತ್ತದೆ. ಬೇಸಿಗೆಗೆ ಮಟ್ಟ ಇಳಿದಂತೆ ಹಿನ್ನೀರಿನ ನಡುವೆ ಬೋಳು ದಿಬ್ಬಗಳು ಎದ್ದು ಕಾಣುತ್ತವೆ. ರಿವರ್ ಟರ್ನ್ ಹಕ್ಕಿಗಳು ಮರಿ ಮಾಡಲು ಬರುವುದು ಆ ದಿಬ್ಬಗಳಿಗೇ. ಹಳದಿ ಕೊಕ್ಕು, ಕರಿ ನೆತ್ತಿ, ಕವಲು ಬಾಲ. ಕಡ್ಡಿ ತಂದು ಗೂಡು ಕಟ್ಟುವ ಗೋಜೇ ಇಲ್ಲ. ಬರೀ ನೆಲದಲ್ಲಿ ಸಣ್ಣ ಗುಳಿ, ಅದರಲ್ಲಿ ಎರಡೋ ಮೂರೋ ಮೊಟ್ಟೆ. ಮೊಟ್ಟೆಗೂ ಮಣ್ಣಿನದೇ ಬಣ್ಣ, ಚುಕ್ಕೆ ಬೇರೆ. ಹತ್ತಿರದಲ್ಲಿದ್ದರೂ ಕಣ್ಣಿಗೆ ಬೀಳುವುದಿಲ್ಲ.

ಅದಕ್ಕೇ ದಯವಿಟ್ಟು ದಿಬ್ಬದ ಮೇಲೆ ಇಳಿಸಿ ಅಂತ ದೋಣಿಯವರನ್ನು ಕಾಡಬೇಡಿ. ತಾಯಿ ಹಕ್ಕಿ ಎದ್ದು ಹಾರಿದರೆ ಮೊಟ್ಟೆ ಸುಡು ಬಿಸಿಲಿಗೆ ಸಿಗುತ್ತದೆ, ಮೇಲೆ ಹದ್ದು ಕಾಯುತ್ತಿರುತ್ತದೆ. ಒಂದು ಬೈನಾಕ್ಯುಲರ್ ತಂದರೆ ದೋಣಿಯಲ್ಲಿ ಕೂತೇ ಎಲ್ಲ ಕಾಣುತ್ತದೆ. ಗಂಡು ಮೀನು ಹಿಡಿದು ತಂದು ಹೆಣ್ಣಿಗೆ ಕೊಡುವುದನ್ನು ನೋಡಲು ಸಿಕ್ಕಿದರೆ ನಿಮ್ಮ ಪುಣ್ಯ.

ಹಿನ್ನೀರಿನ ಆಚೆ ಭದ್ರಾ ಹುಲಿ ಸಂರಕ್ಷಿತ ಪ್ರದೇಶ. 1998ರಲ್ಲಿ ಘೋಷಣೆಯಾಯಿತು. ಕಾಡಿನೊಳಗಿದ್ದ ಊರುಗಳ ಜನ ಮನೆ, ಗದ್ದೆ ಬಿಟ್ಟು ಹೊರಗೆ ಬಂದರು. ನಾವು ಜೀಪಿನಲ್ಲಿ ಕೂತು ನೋಡುವ ಕಾಡಿನ ಹಿಂದೆ ಅವರ ತ್ಯಾಗವೂ ಇದೆ, ಅಲ್ವಾ? ಬೇಸಿಗೆಯಲ್ಲಿ ತೇಗದ ಎಲೆ ಉದುರಿ ಕಾಡು ದೂರದವರೆಗೂ ಕಾಣುತ್ತದೆ. ನೀರು ಇಳಿದ ದಡದಲ್ಲಿ ಹಸಿರು ಹುಲ್ಲು ಚಿಗುರುತ್ತದೆ. ಅದನ್ನು ಮೇಯಲು ಸಂಜೆ ಆನೆ, ಕಾಟಿ (ಕಾಡುಕೋಣ), ಜಿಂಕೆ ಬರುತ್ತವೆ. ಹುಲಿಯೇ ಬೇಕು ಅಂತ ಹಟ ಹಿಡಿದವರು ಇದನ್ನೆಲ್ಲ ಕಳೆದುಕೊಳ್ಳುತ್ತಾರೆ. ಸಫಾರಿ ಲಕ್ಕವಳ್ಳಿಯಿಂದ ಹೊರಡುತ್ತದೆ. ವಾರಾಂತ್ಯದಲ್ಲಿ ಜನ ಜಾಸ್ತಿ, ಮೊದಲೇ ಬುಕ್ ಮಾಡಿ.

ಶಂಕರಘಟ್ಟದಲ್ಲಿ ಅರ್ಧ ದಿನ ಸುಮ್ನೆ ಓಡಾಡಿ. 1987ರಲ್ಲಿ ಶುರುವಾದ ಕುವೆಂಪು ವಿಶ್ವವಿದ್ಯಾಲಯದ ಕ್ಯಾಂಪಸ್, ಜ್ಞಾನ ಸಹ್ಯಾದ್ರಿ, ಇರುವುದು ಇಲ್ಲೇ. ಬೆಳಗಿನ ಬಸ್ಸಿನ ತುಂಬ ಶಿವಮೊಗ್ಗ, ಭದ್ರಾವತಿಯ ಹುಡುಗ ಹುಡುಗಿಯರು. ಪರೀಕ್ಷೆಯ ಮಾತು, ಫೋನಿನಲ್ಲಿ ಹಾಡು, ಕಿಟಕಿಯಾಚೆ ಅಡಿಕೆ ತೋಟ. ಆ ಬಸ್ಸಿನಲ್ಲೇ ಹೋಗಿ, ಕಾರಿಗಿಂತ ಊರು ಚೆನ್ನಾಗಿ ಗೊತ್ತಾಗುತ್ತದೆ. ಸಂಜೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿನ್ನದೆ ಮಾತ್ರ ಬರಬೇಡಿ.

ಒಂದು ವಿಷಯ ಗಟ್ಟಿಯಾಗಿ ಹೇಳಬೇಕು. ಮಳೆಗಾಲಕ್ಕೆ ಉಂಬಳದ (ಜಿಗಣೆ) ಕಾಟವಾದರೆ ಬೇಸಿಗೆಗೆ ಉಣುಗು, ಅಂದರೆ ಉಣ್ಣೆ. ಮಂಗನ ಕಾಯಿಲೆ ಹರಡುವುದು ಈ ಉಣುಗಿನಿಂದಲೇ. ಅದು 1957ರಲ್ಲಿ ಮೊದಲು ಪತ್ತೆಯಾದದ್ದು ಇದೇ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಜಿಲ್ಲೆಯಲ್ಲಿ ಡಿಸೆಂಬರಿನಿಂದ ಮೇ ತನಕ ಎಚ್ಚರ ಬೇಕು. ತುಂಬು ತೋಳಿನ ಅಂಗಿ, ಉದ್ದ ಪ್ಯಾಂಟು ಹಾಕಿ. ಒಣ ತರಗೆಲೆ ಮೇಲೆ ಕೂರಬೇಡಿ. ರೂಮಿಗೆ ಬಂದ ಕೂಡಲೇ ಬಿಸಿನೀರಿನ ಸ್ನಾನ ಮಾಡಿ, ಬಟ್ಟೆ ಒಗೆಯಲು ಹಾಕಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಊರಿನ ಆಶಾ ಕಾರ್ಯಕರ್ತೆಗೆ ತಿಳಿಸಿ. ಊರಿಗೆ ವಾಪಸಾದ ಮೇಲೆ ಜೋರು ಜ್ವರ ಬಂದರೆ, ಮಲೆನಾಡಿನ ಕಾಡಿಗೆ ಹೋಗಿದ್ದೆ ಅಂತ ಡಾಕ್ಟರಿಗೆ ಹೇಳಲು ಮರೆಯಬೇಡಿ.

ಬೇಸಿಗೆಯಲ್ಲಿ ಕಾಡಿಗೆ ಬೆಂಕಿ ಬೀಳಲು ಒಂದು ಬೀಡಿ ತುಂಡು ಸಾಕು. ಬೆಂಕಿಪೊಟ್ಟಣ ರೂಮಿನಲ್ಲೇ ಬಿಟ್ಟು ಹೊರಡಿ.

ದಾರಿ ಸುಲಭ. ರೈಲಿನಲ್ಲಿ ಬಂದರೆ ಭದ್ರಾವತಿಯಲ್ಲಿ ಇಳಿದು ಬಸ್ಸು ಹಿಡಿಯಿರಿ. ಶಿವಮೊಗ್ಗದಿಂದ ಶಂಕರಘಟ್ಟ ಸುಮಾರು 28 ಕಿ.ಮೀ. ವಾಪಸು ಬರುವ ಕೊನೇ ಬಸ್ಸು ಎಷ್ಟಕ್ಕೆ ಅಂತ ಇಳಿಯುವಾಗಲೇ ಕಂಡಕ್ಟರನ್ನು ಕೇಳಿಟ್ಟುಕೊಳ್ಳಿ.