ನಕ್ಷೆಯಲ್ಲಿ ಬೀಳು, ನೆಲದಲ್ಲಿ ಭತ್ತ

ಅಕ್ಟೋಬರ್ ನಡುವಿನ ಒಂದು ಬೆಳಿಗ್ಗೆ ಮಾನ್ವಿ ತಾಲ್ಲೂಕಿನ ಗದ್ದೆಯೊಂದರ ಬದುವಿನ ಮೇಲೆ ನಿಂತಿದ್ದೆ. ಕೈಯಲ್ಲಿದ್ದ ನಕ್ಷೆ ‘ಬೀಳು’ ಎನ್ನುತ್ತಿತ್ತು. ಎದುರಿಗೆ ಮೊಣಕಾಲೆತ್ತರದ ಭತ್ತ ತೊನೆಯುತ್ತಿತ್ತು.

ನಕ್ಷೆ ನನ್ನದೇ. ಉಪಗ್ರಹ ಚಿತ್ರಗಳಿಂದ ಬೆಳೆ ಗುರುತಿಸುವುದು ನನ್ನ ಸಂಶೋಧನೆ. ಮುಂಗಾರಿನಲ್ಲಿ ಮೋಡದ ಕಾಟ. ಹಾಗಾಗಿ ಮೋಡವಿದ್ದರೂ ನೆಲ ಕಾಣಬಲ್ಲ ಸೆಂಟಿನೆಲ್-1 ಉಪಗ್ರಹದ ರೇಡಾರ್ ಚಿತ್ರಗಳನ್ನು ನೆಚ್ಚಿಕೊಂಡಿದ್ದೆ. 12 ದಿನಕ್ಕೊಂದು ಚಿತ್ರ. ನಾಟಿಗೆಂದು ನೀರು ನಿಲ್ಲಿಸಿದ ಗದ್ದೆ ಅದರಲ್ಲಿ ಕಪ್ಪಗೆ ಕಾಣುತ್ತದೆ, ಪೈರು ತೆಂಡೆಯೊಡೆದಂತೆ ಬೆಳ್ಳಗಾಗುತ್ತ ಬರುತ್ತದೆ. ಈ ಏರಿಳಿತವನ್ನು ಕಂಪ್ಯೂಟರಿಗೆ ಕಲಿಸಿದ್ದು ಇದೇ ತುಂಗಭದ್ರಾ ಎಡದಂಡೆ ಕಾಲುವೆಯ ಮೇಲ್ಭಾಗದ ಕಾರಟಗಿ ಸೀಮೆಯ ಗದ್ದೆಗಳಿಂದ. ಪರೀಕ್ಷೆಗೆ ಇಟ್ಟುಕೊಂಡ ಗದ್ದೆಗಳೂ ಅಲ್ಲಿಯವೇ, ಒಂದೇ ಬದುವಿನ ಆಚೆ ಈಚೆ. ಒಂದೇ ದಿನ ನೀರು ಕುಡಿದು, ಒಂದೇ ವಾರ ನಾಟಿ ಕಂಡ ಗದ್ದೆಗಳು. ಪಾಸಾಗದೆ ಏನು ಮಾಡಿಯಾವು? ಪಕ್ಕದವನ ಉತ್ತರ ನೋಡಿ ಬರೆದ ಪರೀಕ್ಷೆ ಅದು.

“ಇದು ಯಾವ ದಿನದ ಚಿತ್ರ ತಂಗಿ?” ಗದ್ದೆಯ ಯಜಮಾನರಾದ ಕಾಕಾ ಕೇಳಿದರು.

ಜುಲೈಯಿಂದ ಸೆಪ್ಟೆಂಬರ್ ಮೊದಲ ವಾರದವರೆಗಿನದು ಎಂದೆ.

“ಆಗ ನಮಗೆ ನೀರೆಲ್ಲಿತ್ತು? ಎಡದಂಡೆ ಕಾಲುವೆಯ ಕೊನೆ ಭಾಗ ನಮ್ಮದು. ಮೇಲಿನವರ ಹೊಲ ತುಂಬಿದ ಮೇಲೆ ನಮ್ಮ ಪಾಳಿ. ಗಣೇಶನನ್ನು ಕಳಿಸಿದ ಮರುವಾರ ನಾಟಿ ಮಾಡಿದೆವು.”

ಅಷ್ಟೇ. ಭತ್ತ ಅದೇ, ಕಾಲುವೆ ಅದೇ, ತಿಂಗಳು ಬೇರೆ.

ಕಾಕಾಗೆ ತಮ್ಮ ಗದ್ದೆಯನ್ನು ಪರದೆಯ ಮೇಲೆ ನೋಡುವ ಆಸೆ. ಹಿಗ್ಗಿಸಿ ತೋರಿಸಿದೆ. ಒಂದೊಂದು ಚುಕ್ಕೆಯೂ ನೆಲದ ಮೇಲೆ 10 ಮೀಟರ್ ಉದ್ದ, ಅಷ್ಟೇ ಅಗಲ ಎಂದೆ. “ಅಂದರೆ 33 ಅಡಿ. ಮೋಜಣಿ ಸರಪಳಿಯ ಅಳತೆ. ಒಂದು ಚುಕ್ಕೆಗೆ ಒಂದು ಗುಂಟೆ” ಎಂದು ಅವರೇ ಲೆಕ್ಕ ಹಾಕಿದರು. ವರ್ಷಗಟ್ಟಲೆ ಈ ಚುಕ್ಕೆಗಳ ಮುಂದೆ ಕುಳಿತ ನನಗೆ ಇದು ಹೊಳೆದಿರಲಿಲ್ಲ. ಪಹಣಿಯಲ್ಲಿ ಅವರದು 2 ಎಕರೆ 10 ಗುಂಟೆ, ಅಂದರೆ 90 ಚುಕ್ಕೆ ಬೇಕು. ಪೂರ್ತಿ ಅವರದೇ ಎನ್ನಬಹುದಾದವು 64 ಸಿಕ್ಕವು. ಅಂಚಿನವು ಅರ್ಧ ಭತ್ತ, ಅರ್ಧ ಬದು ಅಥವಾ ಪಕ್ಕದವರ ಹತ್ತಿ. “ಉಳಿದ 26 ಗುಂಟೆ ಒತ್ತುವರಿ ಮಾಡಿದವರು ಯಾರು?” ಎಂದು ನಕ್ಕರು. ನನಗೆ ನಗು ಬರಲಿಲ್ಲ. ಸಣ್ಣ ಹಿಡುವಳಿಗಳಲ್ಲಿ ನಮ್ಮ ಲೆಕ್ಕ ಕೆಡುವುದೇ ಈ ಅಂಚುಗಳಲ್ಲಿ.

ತಡವಾದ ನಾಟಿಗೆ ಮದ್ದು ಇಲ್ಲವೆಂದಲ್ಲ. ಡೈನಾಮಿಕ್ ಟೈಮ್ ವಾರ್ಪಿಂಗ್ ಎಂಬ ಲೆಕ್ಕವಿದೆ. ಒಂದೇ ಮಾತನ್ನು ಒಬ್ಬರು ಬೇಗ, ಇನ್ನೊಬ್ಬರು ನಿಧಾನ ಆಡಿದರೂ ಯಂತ್ರ ಗುರುತಿಸಲೆಂದು ಬಳಕೆಗೆ ಬಂದದ್ದು. ಕಾಲವನ್ನು ಎಳೆದು, ಕುಗ್ಗಿಸಿ ಎರಡು ಏರಿಳಿತಗಳನ್ನು ಹೊಂದಿಸುತ್ತದೆ. ಎಳೆತ ಹೆಚ್ಚಾಯಿತೋ, ಮಳೆ ನೀರು ನಿಂತ ಜೋಳದ ಹೊಲವೂ ಭತ್ತವಾಗಿಬಿಡುತ್ತದೆ. ಎಷ್ಟು ಎಳೆಯಬೇಕೆಂದು ತಿಳಿಯಲು ನೀರು ಬಂದ ದಿನ ಗೊತ್ತಿರಬೇಕು.

ಪುಸ್ತಕದಲ್ಲಿ ‘ನೀರು ಬಂದ ದಿನ’ ಎಂದು ಹೊಸ ಅಂಕಣ ಎಳೆದುಕೊಂಡು ಮುಂದಿನ ಗದ್ದೆಗೆ ಹೋದೆ. ಅಲ್ಲಿದ್ದ ಅಕ್ಕ ಸೆರಗಿಗೆ ಕೈ ಒರೆಸಿಕೊಂಡು ಕೇಳಿದರು: “ಯಾವುದನ್ನು ಹೇಳಲಿ? ಪಾಳಿ ಪಟ್ಟಿಯಲ್ಲಿ ಬರೆದ ದಿನವನ್ನೋ, ನೀರು ಬಂದ ದಿನವನ್ನೋ?”

ಇನ್ನೊಂದು ಗೆರೆ ಎಳೆದೆ.