ಒಂಬತ್ತೋ ಹತ್ತೋ? ಇಂದ್ರಲಾಲ್ ರಾಯ್ ಲೆಕ್ಕ

2024 ಜುಲೈ 21, ಭಾನುವಾರ
ನ್ಯೂ ತಿಪ್ಪಸಂದ್ರ, ಬೆಂಗಳೂರು

ಬೆಳಗ್ಗೆಯಿಂದ ಜಿಟಿಜಿಟಿ ಮಳೆ, ಸಾಲದ್ದಕ್ಕೆ ಆಷಾಢದ ಗಾಳಿ. ವಾಕಿಂಗ್‌ಗೆ ರಜಾ. ತಿಂಡಿ ಮುಗಿಸಿದವನೇ ಮೊದಲನೇ ಮಹಾಯುದ್ಧದ ಪೈಲಟ್ ಇಂದ್ರಲಾಲ್ ರಾಯ್ ಫೈಲ್ ಬಿಚ್ಚಿಕೊಂಡು ಕೂತೆ. ಅವನು ಹೊಡೆದ ಶತ್ರು ವಿಮಾನ ಒಂಬತ್ತೋ ಹತ್ತೋ ಅನ್ನೋದೇ ಲೆಕ್ಕ. ನಾಳೆಗೆ ಆ ಹುಡುಗ ಸತ್ತು 106 ವರ್ಷ ತುಂಬುತ್ತದೆ. ಹುಡುಗ ಅಂತಲೇ ಬರೆಯುತ್ತೇನೆ, ಸತ್ತಾಗ ಅವನಿಗಿನ್ನೂ 19.

ಈ ಹುಚ್ಚು ಹಿಡಿಸಿದ್ದು ಮೊಮ್ಮಗಳು. ಒಂದು ಸಂಜೆ ಸುರಂಜನ್ ದಾಸ್ ರಸ್ತೆಯ ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಂಡಿದ್ದಾಗ, "ತಾತ, ಯಾರಿದು ಸುರಂಜನ್ ದಾಸ್?" ಅಂದಳು. ಎಚ್‌ಎಎಲ್‌ನಲ್ಲಿ ಫಿಟ್ಟರ್ ಆಗಿ ರಿಟೈರ್ ಆದವನಿಗೆ ಇಂಥ ಪ್ರಶ್ನೆ ಕೇಳಿದರೆ ಮುಗೀತು. 1961ರ ಜೂನ್ 17ರಂದು ನಮ್ಮ ಮರುತ್ ಫೈಟರ್ ವಿಮಾನವನ್ನು ಇದೇ ಊರಿನಲ್ಲಿ ಮೊದಲ ಸಲ ಮೇಲೇರಿಸಿದ ಟೆಸ್ಟ್ ಪೈಲಟ್, 1970ರ ಜನವರಿ 10ರಂದು ಇಲ್ಲೇ ಮರುತ್ ಅಪಘಾತದಲ್ಲೇ ತೀರಿಹೋದರು ಅಂತ ಹೇಳಿದೆ. "ಅವರಿಗಿಂತ ಮುಂಚೆ ಯಾರಿದ್ರು?" ಅಂದಳು. ಹೇಳಿದೆ. "ಅದಕ್ಕೂ ಮುಂಚೆ?" ಹೀಗೇ ಹಿಂದೆ ಹಿಂದೆ ಹೋಗಿ 1917ಕ್ಕೆ ಬಂದು ನಿಂತೆವು.

ಮೊದಲನೇ ಮಹಾಯುದ್ಧದಲ್ಲಿ ಬ್ರಿಟಿಷರ ಕಡೆ ಫೈಟರ್ ಹಾರಿಸಿದ ಭಾರತೀಯರು ಬೆರಳೆಣಿಕೆಯಷ್ಟು ಜನ. ರಾವಲ್ಪಿಂಡಿಯ ಹರ್ದಿತ್ ಸಿಂಗ್ ಮಲಿಕ್ ಪೇಟ ಬಿಡದೆ, ಅದರ ಮೇಲೇ ಹಾಕಿಕೊಳ್ಳುವ ಹಾಗೆ ದೊಡ್ಡ ಹೆಲ್ಮೆಟ್ ಮಾಡಿಸಿಕೊಂಡು ಹಾರಿದವರು. ಕಾಲಿಗೆ ಗುಂಡು ಬಿದ್ದರೂ ಬದುಕಿ, ಮುಂದೆ ಫ್ರಾನ್ಸಿಗೆ ನಮ್ಮ ರಾಯಭಾರಿಯಾದರು. ಬೊಂಬಾಯಿಯ ವೆಲಿಂಕರ್, ಬಂಗಾಳದ ಎರಲ್ ಚಂದರ್ ಸೇನ್ ಇನ್ನಿಬ್ಬರು. ಸೇನ್ ಜರ್ಮನರ ಕೈಗೆ ಸೆರೆ ಸಿಕ್ಕಿದರು. ಮತ್ತೆ ಈ ಇಂದ್ರಲಾಲ್. ಐದು ಅಥವಾ ಜಾಸ್ತಿ ವಿಮಾನ ಹೊಡೆದವರನ್ನು ಏಸ್ ಅನ್ನುತ್ತಾರೆ. ಆ ಯುದ್ಧದಲ್ಲಿ ಆ ಹೆಸರು ಪಡೆದ ಭಾರತೀಯ ಇವನೊಬ್ಬನೇ.

ಹುಟ್ಟಿದ್ದು 1898ರ ಡಿಸೆಂಬರ್ 2, ಕಲ್ಕತ್ತದಲ್ಲಿ. ಅಪ್ಪ ಬ್ಯಾರಿಸ್ಟರ್, ಅನುಕೂಲಸ್ಥರು. ಓದಿದ್ದು ಲಂಡನ್ನಿನ ಸೇಂಟ್ ಪಾಲ್ಸ್ ಶಾಲೆಯಲ್ಲಿ. ಆಗಿನ ಬ್ರಿಟಿಷ್ ವಾಯುದಳವಾದ ರಾಯಲ್ ಫ್ಲೈಯಿಂಗ್ ಕೋರ್‌ಗೆ ಅರ್ಜಿ ಹಾಕಿದಾಗ ಕಣ್ಣು ಸರಿಯಿಲ್ಲ ಅಂತ ವಾಪಸ್ ಕಳಿಸಿದರಂತೆ. ಮೋಟರ್‌ಸೈಕಲ್ ಮಾರಿ, ಆ ದುಡ್ಡಲ್ಲಿ ದೊಡ್ಡ ಕಣ್ಣಿನ ಡಾಕ್ಟರಿಗೆ ತೋರಿಸಿ, ಕಣ್ಣು ಚೆನ್ನಾಗಿದೆ ಅಂತ ಬರೆಸಿಕೊಂಡು ಬಂದ ಅನ್ನೋದು ಎಲ್ಲರೂ ಹೇಳುವ ಕತೆ. ನಮ್ಮ ಹಳೇ ಏರ್‌ಪೋರ್ಟ್ ರಸ್ತೆಯಲ್ಲೇ ಪೈಲಟ್‌ಗಳನ್ನು ತಪಾಸಣೆ ಮಾಡುವ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ ಇದೆಯಲ್ಲ, ಅಲ್ಲಿ ಈ ಆಟ ನಡೆಯುತ್ತಿತ್ತಾ ಅಂತ ಯೋಚಿಸಿ ನಗು ಬಂತು.

1917ರ ಜುಲೈನಲ್ಲಿ ಸೆಕೆಂಡ್ ಲೆಫ್ಟಿನೆಂಟ್ ಆದ. ಅಕ್ಟೋಬರ್ ಕೊನೆಗೆ ಫ್ರಾನ್ಸಿನಲ್ಲಿ 56ನೇ ಸ್ಕ್ವಾಡ್ರನ್. ಡಿಸೆಂಬರ್ 6ಕ್ಕೆ ವಿಮಾನ ಬಿತ್ತು. ಅವನು ಸತ್ತನೆಂದು ಹೆಣದ ಕೋಣೆಗೆ ಹಾಕಿದ್ದರು, ಎಚ್ಚರವಾಗಿ ಬಾಗಿಲು ಬಡಿದ ಅನ್ನುವ ಕತೆಯನ್ನು ಯಾವ ಲೇಖನವೂ ಬಿಡುವುದಿಲ್ಲ. ಕೇಳೋಕೆ ಮಜವಾಗಿದೆ. ನನ್ನ ನೋಟ್‌ಬುಕ್ಕಿನಲ್ಲಿ ಅದರ ಪಕ್ಕ ಪೆನ್ಸಿಲ್‌ನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಇದೆ, ಅದು ಅಲ್ಲೇ ಇರಲಿ. ನನಗೆ ಅದಕ್ಕಿಂತ ಇಷ್ಟವಾಗಿದ್ದು ಸುಧಾರಿಸಿಕೊಳ್ಳುತ್ತಿದ್ದ ದಿನಗಳಲ್ಲಿ ಅವನು ಬಿಡಿಸಿದ ವಿಮಾನದ ಚಿತ್ರಗಳು. ಹಾರಾಟಕ್ಕೆ ಅನ್‌ಫಿಟ್ ಅಂದುಬಿಟ್ಟಿದ್ದರು. ಬೆನ್ನು ಬಿಡದೆ ಕೇಳಿ ಕೇಳಿ, 1918ರ ಜೂನ್‌ನಲ್ಲಿ 40ನೇ ಸ್ಕ್ವಾಡ್ರನ್ ಸೇರಿದ. ಅಷ್ಟು ಹೊತ್ತಿಗೆ ಫ್ಲೈಯಿಂಗ್ ಕೋರ್ ಹೋಗಿ ರಾಯಲ್ ಏರ್ ಫೋರ್ಸ್ ಆಗಿತ್ತು.

ಅವನು ಹಾರಿಸಿದ್ದು ಬ್ರಿಟಿಷರ ಫೈಟರ್ ಎಸ್‌ಇ5ಎ. ಇಲ್ಲಿ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಬೋರಾದರೆ ಮುಂದಿನ ಪ್ಯಾರಾಕ್ಕೆ ಹೋಗಿ. ಮರದ ಚೌಕಟ್ಟು, ಮೇಲೆ ಬಟ್ಟೆ, ಮುಂದೆ ನೀರಿನಿಂದ ತಣ್ಣಗಾಗುವ ವಿ8 ಎಂಜಿನ್, 200 ಎಚ್‌ಪಿ. ಮೊದಮೊದಲು ಬಂದ ಗೇರ್ ಇರುವ ಎಂಜಿನ್‌ಗಳಲ್ಲಿ ಗೇರ್ ಸರಿಯಾಗಿ ಹಾರ್ಡನ್ ಆಗದೆ ಒಂದಲ್ಲ ಒಂದು ಸ್ನ್ಯಾಗ್, ಅಂದರೆ ದೋಷ. ನೂರು ವರ್ಷದ ಹಿಂದಿನ ಫಿಟ್ಟರ್‌ಗಳೂ ನಮ್ಮ ಹಾಗೇ ಬೈದುಕೊಂಡಿರುತ್ತಾರೆ. ಗನ್ ಎರಡು. ವಿಕರ್ಸ್ ಗನ್ ತಿರುಗುವ ಪ್ರೊಪೆಲರ್ ರೆಕ್ಕೆಗಳ ನಡುವೆಯೇ ಗುಂಡು ಹಾರಿಸುತ್ತದೆ. ಆ ಹೊಂದಾಣಿಕೆಗೆ ರುಮೇನಿಯಾದ ಕಾನ್‌ಸ್ಟಂಟಿನೆಸ್ಕು ಮಾಡಿದ ವ್ಯವಸ್ಥೆ: ಪೈಪಿನೊಳಗೆ ಎಣ್ಣೆ, ಎಣ್ಣೆಯಲ್ಲಿ ಒತ್ತಡದ ಮಿಡಿತ. 1917ರಲ್ಲೇ ಹೈಡ್ರಾಲಿಕ್ಸ್! ಇನ್ನೊಂದು ಲೂಯಿಸ್ ಗನ್, ಮೇಲಿನ ರೆಕ್ಕೆಯ ಮೇಲೆ. ಅದರ ಡ್ರಮ್ಮಿನಲ್ಲಿ 97 ಗುಂಡು. ಖಾಲಿಯಾದರೆ ಗನ್ನನ್ನು ಬಾಗಿದ ಕಂಬಿಯ ಮೇಲೆ ಕೆಳಕ್ಕೆ ಎಳೆದು, ಹಳೇ ಡ್ರಮ್ ಕಿತ್ತು, ಹೊಸದು ಕೂರಿಸಿ, ಮತ್ತೆ ಮೇಲಕ್ಕೆ ತಳ್ಳಬೇಕು. ತೆರೆದ ಕಾಕ್‌ಪಿಟ್, ಮುಖಕ್ಕೆ ಗಾಳಿ, ಸ್ಟಿಕ್ ಮಂಡಿಗಳ ನಡುವೆ. ಮೊಮ್ಮಗಳಿಗೆ ತೋರಿಸೋಣ ಅಂತ ಅಡುಗೆಮನೆಯಿಂದ ಒಗ್ಗರಣೆ ಡಬ್ಬಿ ತಂದು, ಕುರ್ಚಿಯಲ್ಲಿ ಕೂತು, ತಲೆಯ ಮೇಲೆ ಎರಡೂ ಕೈ ಎತ್ತಿ ಹಿಡಿದೆ. ಅರ್ಧ ನಿಮಿಷಕ್ಕೆ ಭುಜ ನೋವು. "ಸಾಸಿವೆ ಚೆಲ್ಲಿದ್ರೆ ನೀವೇ ಆರಿಸ್ಬೇಕು" ಅಂತ ಒಳಗಿಂದ ನಮ್ಮನೆಯಾಕೆ.

ಇನ್ನು ಗಾಳಿ. ಆ ಯುದ್ಧರಂಗದಲ್ಲಿ ಗಾಳಿ ಬಹುಪಾಲು ಪಶ್ಚಿಮದಿಂದ ಬೀಸುತ್ತಿತ್ತು. ನಮ್ಮ ಆಷಾಢದ ಗಾಳಿಯೂ ಆ ಕಡೆಯದೇ. ಬ್ರಿಟಿಷರು ಜರ್ಮನರ ಮುಂಚೂಣಿ ದಾಟಿ ಒಳಗೆ ಹೋಗಿ ಹೊಡೆದಾಡುತ್ತಿದ್ದರು. ಹೋಗುವಾಗ ಗಾಳಿ ತಳ್ಳುತ್ತದೆ. ಬರುವಾಗ, ಪೆಟ್ರೋಲ್ ಕಮ್ಮಿ, ರೆಕ್ಕೆಯಲ್ಲಿ ತೂತು, ಗಾಳಿ ಎದುರಿಗೆ. ಬಲೂನಿನಲ್ಲಿ ಕೂತು ಶತ್ರುವನ್ನು ನೋಡುವವರಿಗೆ ಪ್ಯಾರಾಶೂಟ್ ಇತ್ತು, ಬ್ರಿಟಿಷ್ ಪೈಲಟ್‌ಗಳಿಗೆ ಕೊಡಲಿಲ್ಲ. ಇನ್ನೊಂದು ತೊಂದರೆಯೂ ಇದೆ. ಹೊಡೆದ ವಿಮಾನ ಬೀಳುವುದು ಶತ್ರುವಿನ ನೆಲದಲ್ಲಿ. ಹೋಗಿ ನೋಡಿ ಲೆಕ್ಕ ಬರೆಯುವುದಾದರೂ ಹೇಗೆ?

ಅದಕ್ಕೇ ಅವರ ಪಟ್ಟಿಯಲ್ಲಿ ಎರಡು ಬಗೆ. ನಾಶವಾಯಿತು ಅನ್ನುವುದು ಒಂದು, ಹಿಡಿತ ತಪ್ಪಿ ಕೆಳಗೆ ಹೋಯಿತು ಅನ್ನುವುದು ಇನ್ನೊಂದು. ಇಂದ್ರಲಾಲ್‌ನ ಹತ್ತರಲ್ಲಿ ಐದು ಆ ಕಡೆ, ಐದು ಈ ಕಡೆ. ಎರಡೂ ಬಗೆಯಲ್ಲಿ ಒಂದೊಂದು ಬೇರೆಯವರ ಜೊತೆ ಸೇರಿ ಹೊಡೆದದ್ದು. "ಹತ್ತು ವಿಮಾನ ಪುಡಿ ಮಾಡಿದ ವೀರ" ಅಂತ ವಾಟ್ಸಾಪ್‌ನಲ್ಲಿ ಬರುತ್ತಲ್ಲ, ಅದು ಅರ್ಧ ಸರಿ. ಹೀಗೆ ಹೇಳಿದರೆ ಅವನಿಗೇನೂ ಕಮ್ಮಿಯಾಗುವುದಿಲ್ಲ, ಪೇಪರ್ ಹೇಗಿದೆಯೋ ಹಾಗೆ ಓದಬೇಕು ಅಷ್ಟೇ.

ಇವತ್ತು ತಲೆ ಕೆಡಿಸಿದ್ದು ಬೇರೆಯದು. ಅವನಿಗೆ ಮರಣೋತ್ತರವಾಗಿ ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್ ಬಂತು. ಆ ಪದಕ ಶುರುವಾಗಿದ್ದೇ ಆ ವರ್ಷದ ಜೂನ್‌ನಲ್ಲಿ. 1918ರ ಸೆಪ್ಟೆಂಬರ್ 21ರ ಲಂಡನ್ ಗೆಜೆಟ್‌ನಲ್ಲಿ ಹೆಸರು ಬಂದಿದೆ. ಅದರಲ್ಲಿ ಇರುವುದು ಹದಿಮೂರು ದಿನದಲ್ಲಿ ಒಂಬತ್ತು ವಿಮಾನ ಅಂತ. ಮಿಕ್ಕ ಕಡೆಯೆಲ್ಲ ಹತ್ತು. ಯಾವುದು ಸರಿ?

ಮಧ್ಯಾಹ್ನ ಊಟ ಆದ ಮೇಲೆ ಮೊಮ್ಮಗಳು ಲ್ಯಾಪ್‌ಟಾಪ್ ತಂದು ತಾರೀಖು ಹಿಡಿದು ಒಂದು ಶೀಟ್ ಮಾಡಿದಳು. ಎಲ್ಲಾ 1918ರ ಜುಲೈ. 6ನೇ ತಾರೀಖು ಒಂದು. 8ಕ್ಕೆ ನಾಲ್ಕು ಗಂಟೆಯೊಳಗೆ ಮೂರು. 13ಕ್ಕೆ ಎರಡು, ಅದರಲ್ಲೊಂದು ಅವನ ಫ್ಲೈಟ್ ಕಮಾಂಡರ್ ಜಾರ್ಜ್ ಮೆಕೆಲ್‌ರಾಯ್ ಜೊತೆ ಸೇರಿ. 15ಕ್ಕೆ ಎರಡು, ಎರಡೂ ಜರ್ಮನ್ ಫೈಟರ್ ಫೋಕರ್ ಡಿ7. 18ಕ್ಕೆ ಒಂದು. 19ಕ್ಕೆ ಒಂದು. ಒಟ್ಟು ಹತ್ತು, ಸರಿಯಾಗಿದೆ.

"ತಾತ, 6ರಿಂದ 19 ಅಂದ್ರೆ ಹದಿನಾಲ್ಕು ದಿನ ಆಗುತ್ತೆ, ಹದಿಮೂರಲ್ಲ" ಅಂದಳು. ಬೆರಳು ಮಡಚಿ ಎಣಿಸಿದೆ. ಹೌದು, ಎರಡೂ ತುದಿ ಸೇರಿಸಿದರೆ ಹದಿನಾಲ್ಕು. ಹದಿಮೂರು ಆಗಬೇಕಾದರೆ 18ಕ್ಕೆ ನಿಲ್ಲಿಸಬೇಕು. 18ರ ತನಕ ಕೂಡಿಸಿದರೆ? ಒಂದು, ಮೂರು, ಎರಡು, ಎರಡು, ಒಂದು. ಒಂಬತ್ತು!

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ದಿನವೂ ಕೂಡಿತು, ವಿಮಾನವೂ ಕೂಡಿತು. ಪದಕದ ಶಿಫಾರಸನ್ನು 18ನೇ ತಾರೀಖಿನ ತನಕದ ಲೆಕ್ಕ ಇಟ್ಟುಕೊಂಡು ಬರೆದಿರಬೇಕು. ಮಾರನೇ ದಿನ ಅವನು ಇನ್ನೊಂದು ಹ್ಯಾನೋವರ್ ವಿಮಾನ ಹೊಡೆದ, ಅದು ಕಾಗದಕ್ಕೆ ಸೇರಲಿಲ್ಲ. ಇದು ನನ್ನ ಊಹೆ, ಆದರೆ ಎರಡು ಸಂಖ್ಯೆ ಒಟ್ಟಿಗೆ ಹೀಗೆ ಸುಮ್ನೆ ಕೂಡುವುದಿಲ್ಲ. ಹಾಗಾದರೆ ಆ ಶಿಫಾರಸು ಬರೆಯುವಾಗ ಹುಡುಗ ಬದುಕಿದ್ದ.

22ರಂದು ಕಾರ್ವಿನ್ ಊರಿನ ಮೇಲೆ ಫೋಕರ್‌ಗಳ ಜೊತೆ ಜಗಳಕ್ಕೆ ಬಿದ್ದು ಅವನ ವಿಮಾನ ಉರಿದು ಬಿತ್ತು. ಕಾರ್ವಿನ್ ಆಗ ಜರ್ಮನರ ಕೈಯಲ್ಲಿತ್ತು. ನಾಲ್ಕು ದಿನಕ್ಕೆ, ಹಿಂದೆ ಅದೇ 40ನೇ ಸ್ಕ್ವಾಡ್ರನ್‌ನಲ್ಲಿ ಹೆಸರು ಮಾಡಿದ್ದ ಮಿಕ್ ಮ್ಯಾನಕ್ ಹೋದ. 31ಕ್ಕೆ ಮೆಕೆಲ್‌ರಾಯ್‌ನೂ ಹೋದ. ಇಂದ್ರಲಾಲ್ ಸಮಾಧಿ ಫ್ರಾನ್ಸಿನ ಎಸ್ಟೆವೆಲ್ ಎಂಬ ಹಳ್ಳಿಯಲ್ಲಿದೆ, ಕಲ್ಲಿನ ಮೇಲೆ ಬಂಗಾಳಿ ಅಕ್ಷರವೂ ಇದೆ. 1998ರಲ್ಲಿ ನಮ್ಮ ಅಂಚೆ ಇಲಾಖೆ ಸ್ಟಾಂಪ್ ತಂದಿತು.

ಸಂಜೆ ಹಳೇ ಶಿಫ್ಟಿನ ಗೆಳೆಯನಿಗೆ ಫೋನ್ ಮಾಡಿ ಎಲ್ಲಾ ಒದರಿದೆ. "ಅಂದ್ರೆ ಗೆಜೆಟ್ ತಪ್ಪು ಅಂತೀಯೇನಯ್ಯಾ?" ಅಂದ. ತಪ್ಪಲ್ಲ, ಹಳೇ ಲೆಕ್ಕ ಅಂದೆ. ಆಮೇಲೆ ಅವನಿಗೆ ಗೊತ್ತಿಲ್ಲದ ಒಂದು ವಿಷಯ ಹೇಳಿದೆ. ಭಾರತೀಯ ವಾಯುಪಡೆಯ ಮೊದಲ ಭಾರತೀಯ ಮುಖ್ಯಸ್ಥ ಸುಬ್ರತೋ ಮುಖರ್ಜಿಗೆ ಇಂದ್ರಲಾಲ್ ಸಂಬಂಧದಲ್ಲಿ ಮಾವ. ಮಾವ ಸತ್ತಾಗ ಹುಡುಗನಿಗೆ ಏಳು ವರ್ಷ. ಭಾರತಕ್ಕೆ ಅಂತ ವಾಯುಪಡೆ ಆಗಿದ್ದು 1932ರಲ್ಲಿ. ಮಾರನೇ ವರ್ಷ ಕರಾಚಿಯಲ್ಲಿ ನಾಲ್ಕು ವಾಪಿಟಿ ವಿಮಾನ ಇಟ್ಟುಕೊಂಡು ಒಂದನೇ ಸ್ಕ್ವಾಡ್ರನ್ ಶುರುವಾದಾಗ ಆ ಮೊದಲ ಪೈಲಟ್‌ಗಳಲ್ಲಿ ಮುಖರ್ಜಿಯೂ ಇದ್ದರು. ಗೆಳೆಯ ಸ್ವಲ್ಪ ಹೊತ್ತು ಸುಮ್ಮನಿದ್ದು, "ಶೀಟ್ ಕಳ್ಸು, ನಾನೂ ಒಂದ್ಸಲ ಕೂಡಿಸಿ ನೋಡ್ತೀನಿ" ಅಂದ. ಇನ್‌ಸ್ಪೆಕ್ಷನ್‌ನಲ್ಲಿ ಇದ್ದವನು, ಬೇರೆಯವರ ಸಹಿ ನಂಬುವ ಜಾತಿಯಲ್ಲ. ಕಳಿಸಿದ್ದೇನೆ.

ಮುಂದಿನ ವಾರ ವೆಲಿಂಕರ್. 23ನೇ ಸ್ಕ್ವಾಡ್ರನ್, ಡಾಲ್ಫಿನ್ ವಿಮಾನ, 1918ರ ಜೂನ್. ಮೊಮ್ಮಗಳಿಗೆ ಟೆಸ್ಟ್ ಇದೆಯಂತೆ, ಶೀಟ್ ನಾನೇ ಮಾಡಬೇಕು.